ಟ್ಯಾಂಕ್ ಚೆನ್ನಾಗಿದೆ, ಆ ಸುಟ್ಟ ರುಚಿ ಮಾತ್ರ ತಲೆ ತಿಂದುಬಿಡ್ತು

ಮೊದಲೇ ಹೇಳ್ಬಿಡ್ತೀನಿ, ಇದು ಇಂಗ್ಲೆಂಡಲ್ಲಿದ್ಕೊಂಡು, ಸಿಗರೇಟ್ ಬಿಡೋಕೆ ಅಂತ ವೇಪ್ (ಇ-ಸಿಗರೇಟ್) ಹಿಡಿದಿರೋನ ರಿವ್ಯೂ. ಸಿಗರೇಟೇ ಸೇದದವರು ಇದನ್ನ ಓದಿ ಶುರು ಹಚ್ಕೋಬೇಡಿ, ದುಡ್ಡೂ ದಂಡ, ಜೊತೆಗೊಂದು ಚಟ. ಊರಲ್ಲಿರೋ ಫ್ರೆಂಡ್ಸು "ಬರ್ತಾ ನಂಗೊಂದು ಹಾಕ್ಕೊಂಡು ಬಾ ಮಗಾ" ಅಂತಾನೇ ಇರ್ತಾರೆ, ಅವರಿಗೂ ಇಲ್ಲೇ ಉತ್ತರ ಕೊಟ್ಬಿಡ್ತೀನಿ: ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಗಿತ್ತು, 2019ರ ಕಾಯ್ದೆ ಬಂದ್ಮೇಲೆ ಇಡೀ ದೇಶದಲ್ಲೇ ತರೋದು, ಮಾರೋದು ಎಲ್ಲಾ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಸೇರಿದ್ರೂ ಸೇರಿತು. ದೇವನಹಳ್ಳಿ ಏರ್‌ಪೋರ್ಟಲ್ಲಿ ಕಸ್ಟಮ್ಸ್‌ನವರ ಮುಂದೆ ನಿಂತು ಕಥೆ ಹೇಳೋ ಆಸೆ ನಂಗಿಲ್ಲ.

ಇಲ್ಲಿ 2025ರ ಜೂನ್ 1ರಿಂದ ಒಂದ್ಸಲ ಬಳಸಿ ಬಿಸಾಡೋ ವೇಪ್ ಮಾರೋದು ಬಂದ್ ಆಯ್ತಲ್ಲ, ಅದಕ್ಕೆ ಸ್ವಲ್ಪ ಮುಂಚೆ ನಾನು ಈ ರೀಫಿಲ್ ಕಿಟ್ ತಗೊಂಡಿದ್ದು. ಬ್ಯಾಟರಿ ಎಷ್ಟು, ಬಣ್ಣ ಯಾವ್ಯಾವುದು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ಲಿಕ್ವಿಡ್ ತುಂಬಿಸೋ ಟ್ಯಾಂಕ್ 2 ಮಿ.ಲೀ., ಇಲ್ಲಿನ ಕಾನೂನಲ್ಲಿ ಅದಕ್ಕಿಂತ ದೊಡ್ಡದು ಮಾರೋ ಹಾಗಿಲ್ಲ. ಒಳಗಿರೋ ಕಾಯಿಲ್, ಅಂದ್ರೆ ಲಿಕ್ವಿಡ್ ಕಾಯಿಸೋ ಭಾಗ, ಬದಲಾಯಿಸ್ಬಹುದು. ಬಿಸಾಡೋದ್ರಲ್ಲಿ ಸುಟ್ಟ ರುಚಿ ಬಂತು ಅಂದ್ರೆ ಅದರ ಆಯಸ್ಸು ಮುಗೀತು ಅಂತ ಗೊತ್ತಾಗ್ತಿತ್ತು, ಎಸೆದು ಇನ್ನೊಂದು ತಗೋತಿದ್ವಿ. ಇದರಲ್ಲಿ ಹಂಗಲ್ಲ, ಯಾಕೆ ಸುಡ್ತಿದೆ ಅಂತ ನಾವೇ ಹುಡುಕ್ಬೇಕು.

ಆ ರುಚಿ ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ, ಟೀ ಮುಗಿಸಿ ಆರಾಮಾಗಿ ಒಂದು ಪಫ್ ಎಳೀತೀರಿ, ಮಾವಿನಹಣ್ಣಿನ ಫ್ಲೇವರ್ ಬರುತ್ತೆ ಅಂತ ಕಾಯ್ತಾ ಇರ್ತೀರಿ, ಅದರ ಬದಲು ಸುಟ್ಟ ಹತ್ತಿಯ ಖಾರ ಹೊಗೆ ಗಂಟಲ ಹಿಂಭಾಗಕ್ಕೆ ಹೋಗಿ ಹೊಡೆಯುತ್ತೆ, ಕೆಮ್ಮು, ಕಣ್ಣಲ್ಲಿ ನೀರು, ಆಮೇಲೆ ಅರ್ಧ ಗಂಟೆ ಏನು ತಿಂದ್ರೂ ಕಮಟು. ಡ್ರೈ ಹಿಟ್ ಅಂತಾರೆ. ಆಗ್ತಿರೋದು ಇಷ್ಟೇ, ಕಾಯಿಲ್ ಒಳಗೆ ಸಣ್ಣ ತಂತಿ ಇರುತ್ತೆ, ಅದರ ಸುತ್ತ ಹತ್ತಿ, ಹತ್ತಿ ಲಿಕ್ವಿಡ್ ಹೀರ್ಕೊಂಡು ಕೊಡುತ್ತೆ, ತಂತಿ ಅದನ್ನ ಕಾಯಿಸುತ್ತೆ. ದೀಪದಲ್ಲಿ ಎಣ್ಣೆ ಮುಗಿದ್ರೆ ಬತ್ತಿನೇ ಉರಿಯೋಕೆ ಶುರುವಾಗುತ್ತಲ್ಲ, ಅದೇ ಲೆಕ್ಕ. ಇದು ಬರೀ ರುಚಿ ಸಮಾಚಾರ ಅಲ್ಲ, ಲಿಕ್ವಿಡಲ್ಲಿರೋ ಗ್ಲಿಸರಿನ್, ಗ್ಲೈಕಾಲ್ ವಿಪರೀತ ಬಿಸಿಯಾದ್ರೆ ಫಾರ್ಮಾಲ್ಡಿಹೈಡ್ ತರದ್ದೆಲ್ಲ ಹುಟ್ಟುತ್ತೆ, ಹಾಗಾಗಿ "ಇನ್ನೆರಡು ದಿನ ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂತ ಎಳೀತಾ ಕೂರೋದು ಬೇಡ. ಒಮ್ಮೆ ಹತ್ತಿ ಕರಕಲಾಯ್ತಾ, ತೊಳೆದ್ರೂ ಬರಲ್ಲ, ನೆನೆಸಿಟ್ರೂ ಬರಲ್ಲ, ಬದಲಾಯಿಸ್ಲೇಬೇಕು.

ಈಗ ಕಂಪನಿ ಮೇಲೆ ನನ್ನ ಸಿಟ್ಟಿಗೆ ಬರ್ತೀನಿ. ಹೊಸ ಕಾಯಿಲ್ ಹಾಕಿದ ತಕ್ಷಣ ಈ ಮಶೀನು ತಾನೇ ಅದರ ಓಮ್ (ತಂತಿಯ ವಿದ್ಯುತ್ ರೋಧ) ಓದಿ ತಾನೇ ವ್ಯಾಟ್ (ಕಾಯಿಸೋ ಪವರ್) ಸೆಟ್ ಮಾಡುತ್ತೆ. ಒಳ್ಳೇದೇ ಅಲ್ವಾ ಅಂತೀರಾ? ನನ್ನ 0.8 ಓಮ್ ಕಾಯಿಲ್ ಮೈಮೇಲೆ 12ರಿಂದ 16 ವ್ಯಾಟ್ ಅಂತ ಬರೆದಿದೆ, ಮಶೀನು ಪ್ರತಿ ಸಲ ಹೋಗಿ ನಿಲ್ಲೋದು 16ರಲ್ಲೇ. ಹತ್ತಿ ಇನ್ನೂ ಸರಿಯಾಗಿ ನೆಂದಿಲ್ಲ, ಅಷ್ಟರಲ್ಲಿ ಫುಲ್ ಬಿಸಿ. ನೀವು ಕೆಳಗಿಳಿಸಿ 12ಕ್ಕೆ ತಂದಿಟ್ರೂ ಮುಂದಿನ ಕಾಯಿಲ್ ಹಾಕ್ದಾಗ ನೆನಪಿಟ್ಕೊಳ್ಳಲ್ಲ. ಟ್ಯಾಂಕ್ ತೊಳೆಯೋಕೆ ಅಂತ ಬಿಚ್ಚಿ ಹಾಕಿದ್ರೂ ಮತ್ತೆ 16. ಇಷ್ಟು ದುಡ್ಡು ತಗೊಂಡು ಒಂದು ನಂಬರ್ ನೆನಪಿಟ್ಕೊಳ್ಳೋಕೆ ಆಗಲ್ವಾ? ಮ್ಯಾನ್ಯುವಲ್ಲಲ್ಲಿ ಬ್ಯಾಟರಿ ಬಗ್ಗೆ ಪುಟಗಟ್ಟಲೆ ಎಚ್ಚರಿಕೆ, ಹೊಸ ಕಾಯಿಲ್ ನೆನೆಸೋದರ ಬಗ್ಗೆ ಒಂದೇ ಸಾಲು, ಅದೂ ಓದೋಕಾಗದಷ್ಟು ಸಣ್ಣ ಅಕ್ಷರ.

ವ್ಯಾಟ್ ಇಳಿಸಿದ್ಮೇಲೆ ಮೊದಲ ದಿನದ ಸುಟ್ಟ ರುಚಿ ನಿಂತುಹೋಯ್ತು. ಆದ್ರೆ ವಾರದೊಳಗೆ ಮತ್ತೆ ಬರೋದು, ಬೇರೆ ತರ, ಸಕ್ಕರೆ ಸೀದುಹೋದ ಹಾಗೆ. ಬಿಚ್ಚಿ ನೋಡಿದ್ರೆ ಕಾಯಿಲ್ ಒಳಗೆಲ್ಲ ಕಪ್ಪು ಅಂಟು. ಸಿಹಿ ಲಿಕ್ವಿಡ್‌ಗಳಿಗೆ ಹಾಕೋ ಸುಕ್ರಲೋಸ್ ಆವಿಯಾಗಿ ಹೋಗಲ್ಲ, ತಂತಿ ಮೇಲೇ ಕೂತು ಕರಟಿ ಹೋಗುತ್ತೆ. ಡೆಸರ್ಟ್, ಕ್ಯಾಂಡಿ, ಮಾವು ಅಂತ ಬರೋವೆಲ್ಲ ಇದೇ ಜಾತಿ. ಟ್ಯಾಂಕಲ್ಲಿ ಲಿಕ್ವಿಡ್ ಕಂದು ಬಣ್ಣಕ್ಕೆ ತಿರುಗಿದ್ರೆ ಮಾತ್ರ ಗಾಬರಿ ಬೇಡ, ನಿಕೋಟಿನ್ ಗಾಳಿ ಬೆಳಕಿಗೆ ತಾನಾಗೇ ಬಣ್ಣ ತಿರುಗುತ್ತೆ, ರುಚಿ ಸರಿಯಿದ್ರೆ ಕಾಯಿಲೂ ಸರಿಯಿದೆ.

ಅದಕ್ಕಿಂತ ದೊಡ್ಡ ವಿಷಯ ನಂಗೆ ಆಮೇಲೆ ಗೊತ್ತಾಗಿದ್ದು. ಕಿಟ್ ಜೊತೆಗೆ ಅಂಗಡಿಯವನು ಕೊಟ್ಟಿದ್ದು ಶಾರ್ಟ್‌ಫಿಲ್ ಅಂತಾರಲ್ಲ, 50 ಮಿ.ಲೀ. ನಿಕೋಟಿನ್ ಇಲ್ಲದ ಬಾಟ್ಲಿ, ಅದಕ್ಕೆ ಮಿಲಿಗೆ 18 ಮಿ.ಗ್ರಾಂ. ನಿಕೋಟಿನ್ ಇರೋ 10 ಮಿ.ಲೀ. ಪುಟ್ಟ ಬಾಟ್ಲಿ, ಅಂದ್ರೆ ನಿಕೋಟಿನ್ ಶಾಟ್, ಸುರಿದು ಅಲ್ಲಾಡಿಸ್ಬೇಕು. ಲೆಕ್ಕ ಹಾಕಿ, 60 ಮಿ.ಲೀ.ಗೆ ಬರೋದು ಮಿಲಿಗೆ 3 ಮಿ.ಗ್ರಾಂ. ಕಿಂಗ್ಸ್ ಸಿಗರೇಟ್ ಸೇದಿ ಬೆಳೆದ ಮೈಗೆ ಅದು ಎಲ್ಲಿ ಸಾಕಾಗುತ್ತೆ, ಒಂದರ ಹಿಂದೆ ಒಂದು ಎಳೀತಾನೇ ಇರ್ಬೇಕು ಅನ್ಸುತ್ತೆ. ಅದರ ಮೇಲೆ ಅದು 70 ಭಾಗ ಗ್ಲಿಸರಿನ್ ಇರೋ ಗಟ್ಟಿ ಲಿಕ್ವಿಡ್, ದೊಡ್ಡ ಮಶೀನಲ್ಲಿ ಮೋಡದಷ್ಟು ಹೊಗೆ ಬಿಡೋರಿಗೆ ಮಾಡಿದ್ದು. ನನ್ನ ಕಾಯಿಲ್‌ನ ಪುಟಾಣಿ ತೂತಲ್ಲಿ ಅದು ಇಳಿಯೋದೇ ನಿಧಾನ, ನಾನು ಎಳೆಯೋದು ಜೋರು, ಸುಡದೇ ಏನಾಗುತ್ತೆ? ಇಲ್ಲಿನ ಚಳಿಗಾಲದಲ್ಲಂತೂ ರಾತ್ರಿ ಕಾರಲ್ಲಿ ಬಿಟ್ರೆ ಬೆಳಿಗ್ಗೆ ಇನ್ನೂ ಗಟ್ಟಿ, ಟ್ಯಾಂಕ್ ತುಂಬಾ ಇದ್ರೂ ಹತ್ತಿ ಒಣಗಿರುತ್ತೆ. ಈಗ ಜಾಕೆಟ್ಟಿನ ಒಳಜೇಬಲ್ಲಿ ಇಟ್ಕೋತೀನಿ.

ಗ್ಲಿಸರಿನ್, ಗ್ಲೈಕಾಲ್ ಅರ್ಧಕ್ಕರ್ಧ ಇರೋ ತೆಳು ಲಿಕ್ವಿಡ್‌ಗೆ, ಮಿಲಿಗೆ 10 ಮಿ.ಗ್ರಾಂ. ನಿಕೋಟಿನ್ ಸಾಲ್ಟ್‌ಗೆ (ನಿಕೋಟಿನ್‌ನ ಲವಣ ರೂಪ) ಬದಲಾದೆ, ಫ್ಲೇವರ್ ಸಾದಾ ಪುದೀನ. ಇಲ್ಲಿ 20ರ ಮೇಲೆ ಮಾರಲ್ಲ, 10 ನಂಗೆ ಸಾಕು. ನಿಜ ಹೇಳ್ತೀನಿ, ಬೇರೆ ಮಶೀನೇ ತಗೊಂಡ ಹಾಗಾಯ್ತು. ನಾಲ್ಕು ಪಫ್ ಎಳೆದ್ರೆ ಸಮಾಧಾನ, ಪಕ್ಕಕ್ಕಿಡ್ತೀನಿ, ಅಷ್ಟೊತ್ತಿಗೆ ಹತ್ತಿ ಮತ್ತೆ ನೆಂದಿರುತ್ತೆ. ಒಂದೊಂದು ಕಾಯಿಲ್ ಮೊದಲಿಗಿಂತ ಎರಡು ಪಟ್ಟು ಬರ್ತಿದೆ. ಇಷ್ಟು ದಿನ ಈ ಟ್ಯಾಂಕ್‌ನ ಬೈದಿದ್ದೆಲ್ಲ ಅರ್ಧ ಆ ಮಾವಿನಹಣ್ಣಿಗೆ ಹೋಗ್ಬೇಕಿತ್ತು.

ಕಾಯಿಲ್ ಬದಲಾಯಿಸೋ ಕೆಲಸ ಈಗ ಇಷ್ಟಾನೇ ಆಗೋಗಿದೆ. ಊಟ ಆದ್ಮೇಲೆ ಅಡುಗೆಮನೆ ಕಟ್ಟೆ ಮೇಲೆ ಟಿಶ್ಯೂ ಹಾಸ್ಕೋತೀನಿ. ಹಳೇದನ್ನ ತಿರುಗಿಸಿ ತೆಗೆದು, ಟ್ಯಾಂಕ್‌ನ ಬಿಸಿನೀರಲ್ಲಿ ತೊಳೆದು, ಮೂಲೆಮೂಲೆ ಒರೆಸಿ ಆರೋಕಿಡೋದು. ಹೊಸ ಕಾಯಿಲ್ ಪಕ್ಕದಲ್ಲಿ ಸಣ್ಣ ಕಿಟಕಿ ತರ ತೂತುಗಳಿವೆ, ಬಿಳೀ ಹತ್ತಿ ಕಾಣುತ್ತೆ, ಅಲ್ಲಿಗೆ ಬಾಟ್ಲಿ ಮೂತಿ ಹಿಡಿದು ಒಂದೊಂದೇ ಹನಿ ಬಿಡ್ಬೇಕು. ಮೊದಲ ಹನಿ ಹಾಗೇ ಮೇಲೆ ಗುಂಡಗೆ ಕೂರುತ್ತೆ, ಹೀರ್ಕೊಳ್ಳಲ್ಲ ಅಂತ ಹಟ ಮಾಡುತ್ತೆ, ನೋಡ್ತಾ ನೋಡ್ತಾ ಸರಕ್ ಅಂತ ಒಳಗೆ ಹೋಗುತ್ತೆ, ಬಿಳಿ ಇದ್ದಿದ್ದು ಪಾರದರ್ಶಕ ಆಗುತ್ತೆ. ನಮ್ಮನೆಯವಳು "ದೇವರ ಪೂಜೆಗೆ ಇಷ್ಟು ಶ್ರದ್ಧೆ ಇದ್ದಿದ್ರೆ" ಅಂತಾಳೆ, ಅನ್ಲಿ. ಆಮೇಲೆ ಟ್ಯಾಂಕ್ ತುಂಬಿಸಿ ಹತ್ತು ನಿಮಿಷ ಬಿಟ್ಟು, ಬಟನ್ ಒತ್ತದೇ ಎರಡು ಸಲ ಖಾಲಿ ಎಳೆದ್ರೆ ಒಳಗಿಂದ ಗುಳ್ಳೆ ಬರುತ್ತೆ, ಅದು ಬಂದ್ರೆ ಲಿಕ್ವಿಡ್ ಇಳೀತಿದೆ ಅಂತ ಲೆಕ್ಕ. ಜಾಸ್ತಿ ಎಳೀಬೇಡಿ, ಬಾಯಿಗೇ ಬರುತ್ತೆ, ಪುದೀನ ಕಷಾಯ ಕುಡಿದಂಗಿರುತ್ತೆ. ಕೊನೇಗೆ ವ್ಯಾಟ್ 12ಕ್ಕೆ ಇಳಿಸಿ, ಒಂದೊಂದೇ ಏರಿಸ್ಕೊಂಡು ನನಗೆ ಹಿತ ಅನ್ಸೋ 14ಕ್ಕೆ ಬರೋದು. ಟ್ಯಾಂಕ್ ಕಾಲುಭಾಗಕ್ಕೆ ಬಂದಾಗ್ಲೇ ತುಂಬಿಸ್ಬಿಡಿ, ತೂತಿನ ಮಟ್ಟದ ಕೆಳಗೆ ಹೋದ್ರೆ ಕಥೆ ಮತ್ತೆ ಮೊದಲಿಂದ.

ಖರ್ಚು? ಇಲ್ಲಿ 20ರ ಸಿಗರೇಟ್ ಪ್ಯಾಕ್ 16 ಪೌಂಡ್ ಹತ್ತಿರ ಇದೆ, ಅದರ ಮುಂದೆ ಇದು ಏನೂ ಅಲ್ಲ, ಕಾಯಿಲ್ ಸುಟ್ಟು ಸುಟ್ಟು ಎಸೀತಾ ಇರದಿದ್ರೆ. ಆದ್ರೆ 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿ.ಲೀ. ಲಿಕ್ವಿಡ್‌ಗೆ 2.20 ಪೌಂಡ್ ಸುಂಕ ಅಂತ ಸರ್ಕಾರ ಘೋಷಿಸಿದೆ, ಅದರ ಮೇಲಿನ ಮೌಲ್ಯವರ್ಧಿತ ತೆರಿಗೆ (VAT) ಸೇರಿದ್ರೆ 2.64. ಶಾರ್ಟ್‌ಫಿಲ್‌ನ ದೊಡ್ಡ ಬಾಟ್ಲಿಯವರಿಗೆ ಅದು ಜೋರಾಗೇ ಬೀಳುತ್ತೆ, ನಿಕೋಟಿನ್ ಇಲ್ಲದ್ದಕ್ಕೂ ಅಷ್ಟೇ ಸುಂಕ. ನಾನು 10 ಮಿ.ಲೀ. ಬಾಟ್ಲಿಗೆ ಬಂದಿದ್ದೇ ಒಳ್ಳೇದಾಯ್ತು.

ಐದಕ್ಕೆ ಮೂರೂವರೆ ಕೊಡ್ತೀನಿ. ಸೋರಲ್ಲ, ಕೆಳಗೆ ಬಿದ್ರೂ ಏನೂ ಆಗಿಲ್ಲ, ಇದರ ಕಾಯಿಲ್ ಎಲ್ಲಾ ಅಂಗಡೀಲೂ ಸಿಗುತ್ತೆ. ಒಂದೂವರೆ ಸ್ಟಾರ್ ಕಟ್ ಮಾಡಿದ್ದು ಆ 16 ವ್ಯಾಟ್‌ಗೆ.