ಮುಚ್ಚಿಟ್ಟರೂ ಕೈಗೆ ಸಿಗುವ ಬಟನ್: ಹಳೇ 3ಡಿಎಸ್ ಎಕ್ಸ್‌ಎಲ್‌ನಲ್ಲಿ ಹಾಡು ಕೇಳುವ ಸುಖ

ನಿಂಟೆಂಡೊ 3ಡಿಎಸ್ ಎಕ್ಸ್‌ಎಲ್ ಅನ್ನೋ ಎರಡು ಸ್ಕ್ರೀನಿನ, ಮಡಚೋ ಗೇಮ್ ಯಂತ್ರದ ಬಗ್ಗೆ ಗೇಮ್ ಆಡುವವರು ಬರೆಯೋದನ್ನೆಲ್ಲ ಬರೆದಾಗಿದೆ. 2012ರ ಮಾಡೆಲ್ಲು, 3ಡಿಎಸ್ ತಯಾರಿಕೆಯೇ 2020ರಲ್ಲಿ ನಿಂತಿತು, ಹಾಗಾಗಿ ಸ್ಕ್ರೀನು, ಪ್ರೊಸೆಸರ್ ಪುರಾಣ ಬೇಡ. ನಾನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು ಆಟಕ್ಕೇ. ಈಗ ಹೆಚ್ಚಾಗಿ ಬಳಸೋದು ಹಾಡಿಗೆ, ಅದೂ ಮುಚ್ಚಿಟ್ಟುಕೊಂಡು.

ಇಯರ್‌ಫೋನ್ ಚುಚ್ಚಿ, ಯಂತ್ರದಲ್ಲೇ ಇರೋ ಸೌಂಡ್ ಆಪ್‌ನಲ್ಲಿ ಹಾಡು ಹಚ್ಚಿ, ಟಪ್ ಅಂತ ಮುಚ್ಚಿದರೆ ಎರಡೂ ಸ್ಕ್ರೀನ್ ಆರಿದರೂ ಹಾಡು ನಿಲ್ಲಲ್ಲ. ಕೀಲಿನ ಪಕ್ಕದ ಎರಡು ಮೂಲೆಯಲ್ಲಿ ಎಲ್, ಆರ್ ಬಟನ್ ಇವೆಯಲ್ಲ, ತೆರೆದಿದ್ದಾಗ ಅವನ್ನು ಒತ್ತಿದರೆ ಹಾಡಿನ ಜೊತೆ ಡ್ರಮ್ಮು ಗಿಮ್ಮು ಸದ್ದು ಸೇರುತ್ತೆ, ಬರೀ ತಮಾಷೆಗೆ. ಮುಚ್ಚಿದ ಕೂಡಲೇ ಅವೇ ಬಟನ್‌ಗಳಿಗೆ ಬೇರೆ ಕೆಲಸ: ಎಲ್ ಹಿಂದಿನ ಹಾಡಿಗೆ, ಆರ್ ಮುಂದಿನದಕ್ಕೆ. ಹಾಡಿಗೆ ಅಂತಲೇ ಹೊರಗೆ ಒಂದು ಬಟನ್ನೂ ಹೆಚ್ಚಿಗೆ ಇಟ್ಟಿಲ್ಲ.

ಪ್ಯಾಂಟಿನ ಜೇಬಿಗೆ ಇದು ದಪ್ಪ. ಜುಬ್ಬಾದ ಪಕ್ಕದ ಜೇಬಿಗೆ ಸರಿಯಾಗಿ ಕೂರುತ್ತೆ. ಬಸ್ಸಲ್ಲಿ ಒಂದು ಕೈ ಕಂಬಿ ಮೇಲೆ, ಇನ್ನೊಂದು ಜೇಬಲ್ಲಿ. ಮುಚ್ಚಳದ ಕಡೆ ಮೈಗೆ ತಿರುಗಿದ್ದರೆ ಎಡ ಬಲ ಅದಲುಬದಲು, ಯಾವುದು ಎಲ್ ಅಂತ ಕಣ್ಣಿಗೆ ಕಾಣಲ್ಲ. ಬೆರಳನ್ನು ಪಕ್ಕದ ಅಂಚಿನ ಮೇಲೆ ಜಾರಿಸ್ತೀನಿ. ವಾಲ್ಯೂಮ್ ಕಡ್ಡಿಯ ಗೀರುಗೀರು ಮೈ ಸಿಕ್ಕಿತೋ, ಆ ಕಡೆ ಮೂಲೆಯದೇ ಎಲ್. ಯಾರು ಯೋಚಿಸಿ ಮಾಡಿದರೋ, ತಾನಾಗೇ ಕೂಡಿಬಂತೋ, ಪುಣ್ಯಾತ್ಮರು!

ಇದನ್ನು ಇಷ್ಟು ಹೊಗಳೋಕೆ ಕಾರಣ ನನ್ನ ಹತ್ತಿರ ಇದ್ದ ಒಂದು ಮಡಚೋ ಫೋನು, ಕಂಪನಿ ಹೆಸರು ಬೇಡ. ಅದರ ಮುಚ್ಚಳದ ಮೇಲೆ ಹಾಡಿಗೆ ಟಚ್ ಬಟನ್ ಇದ್ದವು. ನುಣ್ಣನೆ ಗಾಜು, ಬೆರಳಿಗೆ ಗುರುತೇ ಇಲ್ಲ. ಲಾಕ್ ಮಾಡದಿದ್ದರೆ ಜೇಬಿನ ಬಟ್ಟೆ ತಾಗಿ ಹಾಡು ಹಾರೋದು, ಲಾಕ್ ಮಾಡಿದರೆ ಪ್ರತಿ ಸಲ ಹೊರಗೆ ತೆಗಿ, ಲಾಕ್ ಬಿಡಿಸು. ಹಾಗಾದ್ರೆ ಹೊರಗೆ ಬಟನ್ ಇಟ್ಟದ್ದಾದರೂ ಯಾಕೆ?

ಆದರೂ 3ಡಿಎಸ್ಸೇ ಶ್ರೇಷ್ಠ ಅಂತ ಇಲ್ಲ. ಹಾಡನ್ನು ನಡುವೆ ತಡೆದು ನಿಲ್ಲಿಸೋಕೆ ಅಂತ ಹೊರಗೆ ಬಟನ್ ಇಲ್ಲ. ಯಾರಾದರೂ ಮಾತಾಡಿಸಿದರೆ ವಾಲ್ಯೂಮ್ ಸೊನ್ನೆಗೆ ಎಳೆದುಬಿಡ್ತೀನಿ, ಹಾಡು ತನ್ನ ಪಾಡಿಗೆ ಮುಂದೆ ಹೋಗಿರುತ್ತೆ. ಮೇಲಾಗಿ ಎಲ್, ಆರ್ ಕೀಲಿನ ಕಡೆ, ಇಯರ್‌ಫೋನ್ ತೂತು ಅದರ ಎದುರಿನ ಅಂಚಲ್ಲಿ. ಬಟನ್ ಮೇಲಿರಲಿ ಅಂದರೆ ವೈರು ಜೇಬಿನ ತಳದಲ್ಲಿ ಮುರುಟುತ್ತೆ, ವೈರು ಮೇಲಿರಲಿ ಅಂದರೆ ಬಟನ್‌ಗೆ ಮೊಣಕೈವರೆಗೂ ಕೈ ಇಳಿಸಬೇಕು. ನಾನು ಅಡ್ಡ ಮಲಗಿಸಿ ಇಡ್ತೀನಿ, ಎರಡೂ ಅರ್ಧರ್ಧ ಸಿಗುತ್ತೆ.

ಎಂಪಿ3, ಎಎಸಿ ಎರಡೂ ಥರದ ಹಾಡಿನ ಫೈಲ್ ಓಡುತ್ತೆ. ಹಾಡು ತುಂಬೋ ಎಸ್‌ಡಿ ಕಾರ್ಡ್ ಪಕ್ಕದಲ್ಲೇ, ಉಗುರಲ್ಲಿ ಒತ್ತಿದರೆ ಬರುತ್ತೆ. ಆಮೇಲಿನ ನ್ಯೂ 3ಡಿಎಸ್‌ನಲ್ಲಿ ಮೈಕ್ರೋಎಸ್‌ಡಿ ತೆಗೆಯೋಕೆ ಸ್ಕ್ರೂ ಬಿಚ್ಚಿ ಹಿಂದಿನ ತಗಡು ಎಬ್ಬಿಸಬೇಕು, ನನ್ನಂಥ ಹಾಡು ಬದಲಾಯಿಸೋರಿಗೆ ಹಳೇದೇ ವಾಸಿ. ಹಾಡಿಗೋಸ್ಕರವೇ ದುಡ್ಡು ಕೊಟ್ಟು ಕೊಳ್ಳಬೇಡಿ. ಮನೇಲಿ ಒಂದು ಸುಮ್ಮನೆ ಬಿದ್ದಿದ್ದರೆ ಚಾರ್ಜಿಗೆ ಹಾಕಿ, ಹಳೇ 3.5 ಮಿ.ಮೀ. ಇಯರ್‌ಫೋನ್ ಹುಡುಕಿ.