ಕಾಲೇಜಿನ ‘ಅಧ್ಯಾಪಕರ ಮೌಲ್ಯಮಾಪನ’ ಪೋರ್ಟಲ್: ಕಾಸರಗೋಡಿನಿಂದ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯ ಕಾಲೇಜೊಂದು ಪ್ರತಿ ಸೆಮಿಸ್ಟರಿನ ಕೊನೆಗೆ ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯಲು ಬಳಸುವ ಆನ್‌ಲೈನ್ ಪೋರ್ಟಲನ್ನು, ಅಲ್ಲಿ ಬಿ.ಕಾಂ. ಓದುತ್ತಿರುವ ಮಗಳ ಜತೆ ಕುಳಿತು ಪೂರ್ತಿಯಾಗಿ ನೋಡಿದ್ದೇನೆ. ಬಳಕೆಯ ಮಟ್ಟಿಗೆ ದೂರಲು ಏನೂ ಇಲ್ಲ. ಮೊಬೈಲಿನಲ್ಲೇ ತೆರೆಯುತ್ತದೆ, ನಡುವೆ ನೆಟ್‌ವರ್ಕ್ ಹೋದರೂ ತುಂಬಿದ್ದು ಅಳಿಸಿಹೋಗುವುದಿಲ್ಲ. ದೋಷವಿರುವುದು ಕೇಳುವ ಪ್ರಶ್ನೆಗಳಲ್ಲಿ ಮತ್ತು ಕೇಳುವ ಹೊತ್ತಿನಲ್ಲಿ.

ರಿಜಿಸ್ಟರ್ ನಂಬರ್ ಕೊಟ್ಟು ಒಳಹೋಗಬೇಕು, ಅದೂ ಇಂಟರ್ನಲ್ ಅಂಕಗಳು ಪ್ರಕಟವಾಗುವ ಮೊದಲು. ಹೆಸರು ಗೋಪ್ಯವೆಂದು ಮೇಲೆ ಬರೆದಿದ್ದರೂ, ತನ್ನ ಅಂಕ ಯಾರ ಕೈಯಲ್ಲಿದೆಯೋ ಅವರಿಗೆ ಕಡಿಮೆ ಅಂಕ ಕೊಡಲು ಯಾವ ವಿದ್ಯಾರ್ಥಿಯೂ ಧೈರ್ಯ ಮಾಡುವುದಿಲ್ಲ.

ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿವೆ. ಪಠ್ಯ ಎಷ್ಟು ಮುಗಿಯಿತು, ಅಧ್ಯಾಪಕರು ಸಿದ್ಧತೆ ಮಾಡಿಕೊಂಡು ಬಂದರೇ ಎಂಬಂಥವು ಕಾಲೇಜುಗಳಿಗೆ ಗುಣಮಟ್ಟದ ಮಾನ್ಯತೆ ನೀಡುವ ಸಂಸ್ಥೆಯಾದ ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ 21 ಪ್ರಶ್ನೆಗಳನ್ನೇ ಹೋಲುತ್ತವೆ. ಆದರೆ ಆ ಸಮೀಕ್ಷೆ ಅಳೆಯುವುದು ಸಂಸ್ಥೆಯನ್ನು, ಒಬ್ಬೊಬ್ಬ ಅಧ್ಯಾಪಕರನ್ನಲ್ಲ. ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ವಿವರಣೆ ಮಲಯಾಳಕ್ಕೆ ಹೊರಳಿದಾಗ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪಾಠ ಅರ್ಥವಾಯಿತೇ ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಗಡಿನಾಡಿನಲ್ಲಿ ಬೋಧನೆಯ ಗುಣಮಟ್ಟವನ್ನು ಇದನ್ನು ಬಿಟ್ಟು ಅಳೆಯುವುದು ಹೇಗೆಂದು ನನಗೆ ತಿಳಿಯುವುದಿಲ್ಲ. ಮಗಳಿಗೆ ಅಕೌಂಟೆನ್ಸಿ ಕಲಿಸುವ ಅಧ್ಯಾಪಕಿಯ ಮನೆಮಾತು ಮಲಯಾಳ. ಅವರು ಬ್ಯಾಲೆನ್ಸ್ ಶೀಟನ್ನು ಹಲಗೆಯ ಮೇಲೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಹಿಂದಿನ ಬೆಂಚಿನ ಕನ್ನಡದ ಮಕ್ಕಳಿಂದ ಮಾಡಿಸುತ್ತಾರೆ. ತಪ್ಪಿದಲ್ಲಿ ನಿಲ್ಲಿಸಿ, ಅದೇ ಲೆಕ್ಕವನ್ನು ಸರಳ ಇಂಗ್ಲಿಷಿನಲ್ಲಿ, ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಮತ್ತೆ ಹೇಳುತ್ತಾರೆ. ಈ ಶ್ರಮವನ್ನು ದಾಖಲಿಸಲು ಪೋರ್ಟಲಿನಲ್ಲಿ ಒಂದು ಕಾಲಮ್ ಕೂಡ ಇಲ್ಲವಾದ್ದರಿಂದ, ಹಳೆಯ ನೋಟ್ಸ್ ಓದಿ ಹೇಳಿ ಹೋಗುವವರೂ ಅವರೂ ಒಂದೇ ಅಂಕದಲ್ಲಿ ನಿಲ್ಲುತ್ತಾರೆ.

ಅಧ್ಯಾಪಕರ ಬಡ್ತಿಯ ನಿಯಮಗಳಲ್ಲಿಯೂ ಈ ಕೊರತೆಯಿದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿಯಂತೆ ಬಡ್ತಿಗೆ ಬೋಧನೆಯ ದರ್ಜೆ ನೀಡುವಾಗ ನೋಡುವುದು ನಿಗದಿಯಾದ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡರೆಂಬುದನ್ನು, ಶೇ. 80 ಅಥವಾ ಅದಕ್ಕಿಂತ ಮೇಲಿದ್ದರೆ ‘ಉತ್ತಮ’. ತೆಗೆದುಕೊಂಡ ತರಗತಿಯಲ್ಲಿ ಏನು ನಡೆಯಿತೆಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ತನ್ನ 2019ರ ನಿಯಮಾವಳಿಯಲ್ಲಿ ಅಧ್ಯಾಪಕರ ಮೌಲ್ಯಮಾಪನದ 100 ಅಂಕಗಳಲ್ಲಿ 25ನ್ನು ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಮೀಸಲಿಟ್ಟದ್ದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಪೂರ್ತಿ ತೂಕವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ಹಾಜರಿಯಲ್ಲಿ ಕಟ್ಟುನಿಟ್ಟಾಗಿರುವವರು ಬಡ್ತಿ ಕಳೆದುಕೊಂಡಾರು. ವರ್ಷವರ್ಷವೂ ಹೊಸದಾಗಿ ನೇಮಕವಾಗಬೇಕಾದ ಅತಿಥಿ ಅಧ್ಯಾಪಕರಂತೂ ಮಕ್ಕಳನ್ನು ಗದರಲೂ ಹೆದರಿಯಾರು. ಸಹೋದ್ಯೋಗಿಯೊಬ್ಬರು ತರಗತಿಯಲ್ಲಿ ಕುಳಿತು ಬರೆದ ವರದಿಯೂ ಜತೆಗಿರಬೇಕು.

ಸದ್ಯಕ್ಕೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಇಂಟರ್ನಲ್ ಅಂಕ ಪ್ರಕಟವಾದ ಮೇಲೆ ಪೋರ್ಟಲ್ ತೆರೆದರೆ, ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಕೊಟ್ಟರೆ ನಾಲ್ಕಕ್ಕೆ ಏರಿಸಲು ಸಿದ್ಧನಿದ್ದೇನೆ. ಅಲ್ಲಿಯವರೆಗೆ ಮಕ್ಕಳು ಒಂದು ವಿಷಯ ಗಮನಿಸಬೇಕು: ಕೊನೆಯಲ್ಲಿರುವ ‘ಸಲಹೆಗಳು’ ಚೌಕದಲ್ಲಿ ಕನ್ನಡದಲ್ಲಿಯೂ ಟೈಪ್ ಮಾಡಬಹುದು. ಅದನ್ನು ಖಾಲಿ ಬಿಡಬೇಡಿ; ಯಾವ ಪಾಠ ಅರ್ಥವಾಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಅಧ್ಯಾಯದ ಹೆಸರು ಹೇಳಿ ಬರೆಯಿರಿ.