ಎರಡು ತಿಂಗಳ ಬಸುರಿಗೆ ದಾವಣಗೆರೆಯ ಸ್ಪಾ: ಒಳಗಿನ ಹುಡುಗಿಗೆ ಐದು ಸ್ಟಾರ್, ಕೌಂಟರ್‌ಗೆ ಎರಡೇ

ವಿದ್ಯಾನಗರದ ಕಡೆ ಇರುವ ಒಂದು ಸ್ಪಾ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಾನು ಹೇಳಬೇಕಾಗಿರುವುದು ಊರಿನ ಎಲ್ಲಾ ಸ್ಪಾ, ಪಾರ್ಲರ್‌ನವರೂ ಕೇಳಿಸಿಕೊಳ್ಳಬೇಕಾದ ಮಾತು.

ಮದುವೆ ದಿನಕ್ಕೆ ಅಂತ ನಾದಿನಿ ಗಿಫ್ಟ್ ವೋಚರ್ ಕೊಟ್ಟಿದ್ದಳು. ಸ್ಟೀಮ್, ಫುಲ್ ಬಾಡಿ ಮಸಾಜ್, ಫೇಶಿಯಲ್ ಎಲ್ಲಾ ಸೇರಿದ ಪ್ಯಾಕೇಜ್. ಅದರ ಅವಧಿ ಮುಗಿಯುವ ಹೊತ್ತಿಗೆ ನನಗೆ ಎರಡು ತಿಂಗಳು. ಗಂಡ, ಅತ್ತೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ವೋಚರ್ ಕೊಟ್ಟ ನಾದಿನಿಗೂ ಹೇಳಿರಲಿಲ್ಲ. ಮೊದಲು ಡಾಕ್ಟರ್ ಹತ್ತಿರ ಕೇಳಿದೆ. ಅವರು ಹೋಗಬೇಡ ಅನ್ನಲಿಲ್ಲ. ಸ್ಟೀಮ್, ಸೌನಾ, ಬಿಸಿನೀರಿನ ಟಬ್ ಬೇಡವೇ ಬೇಡ, ಹೊಟ್ಟೆ ಸೊಂಟ ಒತ್ತಿಸಿಕೊಳ್ಳಬೇಡ, ರಕ್ತ ಕಾಣಿಸಿದರೆ ಅಥವಾ ಹೊಟ್ಟೆನೋವು ಬಂದರೆ ಸ್ಪಾ ಮಾತು ಬಿಟ್ಟು ಸೀದಾ ಇಲ್ಲಿಗೆ ಬಾ ಅಂದರು.

ಕೌಂಟರ್‌ನಲ್ಲಿ ಒಂದು ಫಾರಂ ಕೊಟ್ಟರು. ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಬಿಪಿ ಇದೆಯಾ, ಶುಗರ್ ಇದೆಯಾ, ಆಪರೇಷನ್ ಆಗಿದೆಯಾ, ಅಲರ್ಜಿ ಇದೆಯಾ, ಎಲ್ಲಾ ಕೇಳಿದ್ದಾರೆ. ಬಸುರಿಯಾ ಅಂತ ಒಂದು ಸಾಲು ಇಲ್ಲ. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡುವುದಿಲ್ಲ ಅನ್ನುವುದು ಈ ಊರಲ್ಲಿ ಅಂಗಡಿ ಇಟ್ಟವರಿಗೆ ಗೊತ್ತಿಲ್ಲದ ಸಂಗತಿಯೇ? ಪಕ್ಕದ ಸೋಫಾದಲ್ಲಿ ಕಾಯುವವರು ಕೂತಿದ್ದಾರೆ, ಅವರಲ್ಲಿ ಒಬ್ಬರ ಮುಖ ಎಲ್ಲೋ ನೋಡಿದ ಹಾಗಿದೆ, ಪಿ.ಜೆ. ಬಡಾವಣೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಹದಡಿ ರಸ್ತೆ ಮುಟ್ಟುವ ಊರು ಇದು, ಹೀಗಿರುವಾಗ ಹೆಣ್ಣುಮಗಳು ಎಲ್ಲರೆದುರು ಬಾಯಿಬಿಟ್ಟು ಹೇಳುತ್ತಾಳಾ? ಫಾರಂ ಕೇಳುವುದಿಲ್ಲ, ಅವಳು ಹೇಳುವುದಿಲ್ಲ, ಸೀದಾ ಸ್ಟೀಮ್ ರೂಮಿಗೆ ಹೋಗಿ ಕೂರುತ್ತಾಳೆ. ಇದೇ ನನ್ನ ಭಯ.

ನಾನು ಕೌಂಟರ್ ಮೇಲೆ ಬಗ್ಗಿ ಮೆಲ್ಲಗೆ ಹೇಳಿದೆ. ಅಲ್ಲಿದ್ದವರು, "ಐದ್ ನಿಮಿಷ ಸ್ಟೀಮ್ ತಗೊಂಡ್ರೆ ಏನೂ ಆಗಲ್ಲ ಮೇಡಂ, ಎಲ್ಲಾರೂ ತಗೋತಾರೆ" ಅಂದರು. ಕೌಂಟರ್‌ಗೆ ಎರಡೇ ಸ್ಟಾರ್ ಕೊಟ್ಟಿದ್ದು ಈ ಮಾತಿಗೆ.

ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊನೆಯ ಮುಟ್ಟಿನ ದಿನದಿಂದ ಲೆಕ್ಕ ಹಾಕಿದರೆ ಸುಮಾರು 6 ವಾರದ ಹೊತ್ತಿಗೆ ಮಗುವಿನ ಮಿದುಳು, ಬೆನ್ನುಹುರಿ ಆಗುವ ನಳಿಕೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲಿ ಅಂತಲೇ ಡಾಕ್ಟರು ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಸುವುದು. ಆ ಸಮಯದಲ್ಲಿ ತಾಯಿಯ ಮೈ ಒಳಗಿನ ಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಳಿಕೆ ಸರಿಯಾಗಿ ಮುಚ್ಚದೇ ಉಳಿಯುವ ಅಪಾಯ ಜಾಸ್ತಿ. ಬಿಸಿಲಲ್ಲಿ ಓಡಾಡಿದರೆ ಬೆವರು ಆರಿ ಮೈ ತಂಪಾಗುತ್ತದೆ. ಸ್ಟೀಮ್ ರೂಮಿನಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಬಿಸಿ ಒಳಗೇ ಏರುತ್ತಾ ಹೋಗುತ್ತದೆ. ಬಿಸಿನೀರಿನ ಟಬ್‌ನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೂ ಅಷ್ಟೇ. 6 ವಾರ ಅಂದರೆ ಎಷ್ಟೋ ಜನಕ್ಕೆ ತಾವು ಬಸುರಿ ಅಂತ ಗೊತ್ತೇ ಇರುವುದಿಲ್ಲ ಅಲ್ವಾ? ಅದಕ್ಕೇ ಹೇಳುವುದು, ಮುಟ್ಟು ನಾಲ್ಕು ದಿನ ತಡವಾಗಿದ್ದರೂ, ಮಗುವಿಗೆ ಪ್ರಯತ್ನ ಮಾಡುತ್ತಿದ್ದರೂ ಸ್ಟೀಮ್ ಬಿಟ್ಟುಬಿಡಿ. 6 ವಾರ ಕಳೆದ ಮೇಲೂ ಬೇಡ, ತಲೆ ಸುತ್ತಿ ಬಿದ್ದರೆ ಯಾರು ಗತಿ? ಮನೆಯಲ್ಲಿ ಉಗುರುಬೆಚ್ಚಗಿನ ನೀರು ಹೊಯ್ದುಕೊಂಡು ಸ್ನಾನ ಮಾಡುವುದಕ್ಕೆ ಏನೂ ತೊಂದರೆ ಇಲ್ಲ, ಅದಕ್ಕೆ ಹೆದರಬೇಡಿ.

ಒಳಗೆ ಹೋದ ಮೇಲೆ ಮಾತ್ರ ನನಗೆ ಸಿಕ್ಕಿದ್ದು ಬಂಗಾರದಂಥ ಹುಡುಗಿ. ಹರಿಹರದಿಂದ ದಿನಾ ಬಂದು ಹೋಗುತ್ತಾಳಂತೆ. ಬಾಗಿಲು ಹಾಕಿಕೊಂಡು ಮೊದಲು ಕೇಳಿದ್ದೇ, "ಅಕ್ಕಾ, ಡೇಟ್ ಸರಿಯಾಗಿ ಆಗಿದೆಯಾ, ಏನಾದ್ರೂ ವಿಶೇಷ ಇದೆಯಾ?" ಅಂತ. ಇಷ್ಟೇ ಬೇಕಾಗಿತ್ತು ನೋಡಿ. ಯಾರೂ ಇಲ್ಲದ ಕಡೆ, ಮೆಲ್ಲಗೆ, ಒಂದೇ ಪ್ರಶ್ನೆ. ಹೇಳಿದ ತಕ್ಷಣ ಪ್ಯಾಕೇಜ್ ಚೀಟಿ ತಗೊಂಡು ಸ್ಟೀಮ್ ಹೊಡೆದು ಹಾಕಿದಳು, ಫುಲ್ ಬಾಡಿ ಮಸಾಜ್ ಕೂಡ. "ಮೂರು ತಿಂಗಳು ಆಗೋ ತನಕ ನಾನು ಮಾಡಲ್ಲಕ್ಕಾ" ಅಂದಳು. ಕಮಿಷನ್ ಹೋಗುತ್ತದೆ ಅಂತ ಗೊತ್ತಿದ್ದೂ ಹೇಳಿದಳು.

ಮಸಾಜ್ ವಿಷಯದಲ್ಲಿ ಸುಮ್ನೆ ಹೆದರಿಸುವುದು ನನಗೆ ಇಷ್ಟವಿಲ್ಲ. ಹಗುರವಾಗಿ ಕೈಯಾಡಿಸಿದರೆ ಗರ್ಭ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಗರ್ಭಪಾತ ಆಗುವುದು ಹೆಚ್ಚಾಗಿ ಮೊದಲ 12 ವಾರದಲ್ಲೇ, ಅದೂ ಬಹಳಷ್ಟು ಸಲ ಭ್ರೂಣದ ಕ್ರೋಮೋಸೋಮ್ ದೋಷದಿಂದ, ಯಾರೂ ಏನೂ ಮಾಡದೇ ಆಗುವಂಥದ್ದು. ಆದರೂ ಆ ಸಮಯದಲ್ಲಿ ಕೈ ಹಾಕಲು ಒಳ್ಳೆಯ ಸ್ಪಾದವರು ಹಿಂಜರಿಯುತ್ತಾರೆ, ಅದು ನ್ಯಾಯವೇ. ಕಾಲಿನ ಮೀನಖಂಡವನ್ನು ಬಲವಾಗಿ ಒತ್ತಿಸಿಕೊಳ್ಳುವುದು ಮಾತ್ರ ಯಾವ ತಿಂಗಳಲ್ಲೂ ಬೇಡ. ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕಾಲಿನಲ್ಲಿ ಗಡ್ಡೆ ಕಟ್ಟಿದ್ದರೆ ಒತ್ತಿದಾಗ ಜಾಗ ಬಿಟ್ಟು ಹೋಗಬಹುದು.

ಪ್ಯಾಕೇಜ್‌ನಲ್ಲಿ ಹೊಡೆದು ಹಾಕಿದ್ದಕ್ಕೆ ಬದಲಾಗಿ ತಲೆಗೆ ಎಣ್ಣೆ ಹಚ್ಚಿ ತಟ್ಟುವುದು, ಪೆಡಿಕ್ಯೂರ್, ಹಬೆ ಇಲ್ಲದ ಫೇಶಿಯಲ್ ಮಾಡಿಸಿಕೊಂಡೆ. ಎಣ್ಣೆ ಟ್ರೇ ತಂದಾಗ ಒಂದು ಕಂದು ಬಣ್ಣದ ಬಾಟಲಿ ಮುಚ್ಚಳ ತೆಗೆದಳು, ಕರ್ಪೂರ, ನೀಲಗಿರಿ ಘಾಟು ಕಣ್ಣಿಗೇ ಬಂತು. ಅದು ನೋವಿನ ಎಣ್ಣೆ. ಅವಳೇ ಮುಚ್ಚಿ ಟ್ರೇ ಕೆಳಗಿನ ಅರೆಗೆ ಇಟ್ಟು, ಬರೀ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಕರ್ಪೂರ, ವಿಂಟರ್‌ಗ್ರೀನ್, ಕ್ಲಾರಿ ಸೇಜ್, ರೋಸ್‌ಮರಿ ಎಣ್ಣೆಗಳು ಈಗ ಬೇಡ, ಲೇಬಲ್ ಓದಿಯೇ ಹಚ್ಚಿಸಿಕೊಳ್ಳಿ. ಪೆಡಿಕ್ಯೂರ್ ಟಬ್‌ಗೆ ನೀರು ಬಿಟ್ಟು, ಕೂಸಿನ ನೀರು ನೋಡುವ ಹಾಗೆ ಮೊಣಕೈ ಅದ್ದಿ ನೋಡಿದಳು. ಬಿಸಿ ಅನಿಸಿತೇನೋ, ಒಂದು ಮಗ್ ತಣ್ಣೀರು ಸುರಿದು ಮತ್ತೆ ಅದ್ದಿದಳು. ಆಮೇಲೆಯೇ "ಕಾಲು ಇಡಿ ಅಕ್ಕಾ" ಅಂದಿದ್ದು. ಮೀನಖಂಡಕ್ಕೆ ಬರೀ ಕ್ರೀಮ್ ಸವರಿ ಬಿಟ್ಟಳು.

ಫೇಶಿಯಲ್‌ಗೆ ಬಂದರೆ, ರೆಟಿನಾಲ್ ಇರುವ ಕ್ರೀಮ್ ಯಾವುದೂ ಬೇಡ ಅಂತ ಮೊದಲೇ ಹೇಳಿ. ಎ ವಿಟಮಿನ್‌ನಿಂದ ಬರುವ ಈ ಪದಾರ್ಥಗಳನ್ನು ಬಸುರಿಯರು ದೂರ ಇಡಬೇಕು. ಸ್ಯಾಲಿಸಿಲಿಕ್ ಆಸಿಡ್‌ನ ಗಟ್ಟಿ ಪೀಲ್ ಕೂಡ ಬೇಡ. ನನಗೆ ಕಡಲೆಹಿಟ್ಟು, ಮೊಸರಿನ ಪ್ಯಾಕ್ ಹಾಕಿದಳು, ಅದಕ್ಕಿಂತ ಮೊದಲು ಮಣಿಕಟ್ಟಿನ ಮೇಲೆ ಸ್ವಲ್ಪ ಹಚ್ಚಿ ನೋಡಿದಳು. ಈ ದಿನಗಳಲ್ಲಿ ಚರ್ಮ ಯಾವುದಕ್ಕೆ ಕೆರಳುತ್ತದೋ ಹೇಳಲು ಬರುವುದಿಲ್ಲ.

ವಾಸನೆ ಬಗ್ಗೆ ಹೇಳದಿದ್ದರೆ ಆಗದು. ಇಡೀ ಜಾಗ ಲೆಮನ್‌ಗ್ರಾಸ್ ವಾಸನೆ. ಉಳಿದವರಿಗೆ ಚೆನ್ನಾಗಿರಬಹುದು, ನನಗೆ ಹೊಟ್ಟೆ ತೊಳೆಸಿತು. ಹೇಳಿದ ಮೇಲೆ ರೂಮಿನಲ್ಲಿ ಆರಿಸಿ ಕಿಟಕಿ ತೆಗೆದರು. ಬ್ಯಾಗಿನಲ್ಲಿ ಮಂಡಕ್ಕಿ ಇಟ್ಟುಕೊಂಡಿದ್ದೆ, ನಮ್ಮೂರಲ್ಲಿ ಅದಕ್ಕೇನು ಬರವೇ, ಎರಡು ಹಿಡಿ ಬಾಯಿಗೆ ಹಾಕಿಕೊಂಡ ಮೇಲೆ ಸುಧಾರಿಸಿತು. ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಡಿ. ಮಲಗಿದ್ದವರು ದಡಕ್ಕನೆ ಏಳಬೇಡಿ, ಬಿಪಿ ಇಳಿದಿರುತ್ತದೆ, ಪಕ್ಕಕ್ಕೆ ಹೊರಳಿ ಕೂತು ಆಮೇಲೆ ನಿಲ್ಲಿ. ಟಾಯ್ಲೆಟ್ ಹತ್ತಿರವೇ ಇದೆ, ಚೊಕ್ಕಟವಾಗಿದೆ. ಇದು ದೊಡ್ಡ ಸಮಾಧಾನ. ಮೊದಲ ಮಹಡಿ, ಲಿಫ್ಟ್ ಇಲ್ಲ.

ದುಡ್ಡಿನ ವಿಷಯ. ಮಾಡದೇ ಬಿಟ್ಟಿದ್ದಕ್ಕೆ ವಾಪಸ್ ಕೊಡುವುದಿಲ್ಲ ಅಂದರು, ಮೂರು ತಿಂಗಳೊಳಗೆ ಬಂದು ಮುಗಿಸಿಕೊಳ್ಳಿ ಅಂದರು. ಬಸುರಿಗೆ ಸ್ಟೀಮ್‌ನ ಬಾಕಿ ಇಟ್ಟುಕೊಂಡು ಮೂರು ತಿಂಗಳಲ್ಲಿ ಮುಗಿಸು ಅನ್ನುವುದು ಯಾವ ಲೆಕ್ಕ? ಬಿಡದೇ ಕೇಳಿದೆ. ಕೊನೆಗೆ ಮ್ಯಾನೇಜರ್ ಬಂದು ಹೆರಿಗೆ, ಬಾಣಂತನ ಮುಗಿಯುವವರೆಗೆ ಅವಧಿ ಇದೆ ಅಂತ ಬಿಲ್ ಹಿಂದೆ ಬರೆದು ಸೀಲ್ ಹಾಕಿಕೊಟ್ಟರು. ನೀವು ಹೋದರೂ ಹೀಗೆ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ಫಾರಂ ಬಗ್ಗೆಯೂ ಅವರಿಗೆ ಹೇಳಿ ಬಂದಿದ್ದೇನೆ. ಕನ್ನಡದಲ್ಲೂ ಇರಲಿ, "ಬಸುರಿ ಇದ್ದೀರಾ, ಅಥವಾ ಇರಬಹುದಾ" ಅಂತ ಒಂದು ಸಾಲು ಸೇರಿಸಿ, ಕೌಂಟರ್‌ನಲ್ಲಿ ಬೇಡ, ರೂಮಿನಲ್ಲಿ ಕೂರಿಸಿ ತುಂಬಿಸಿಕೊಳ್ಳಿ ಅಂದೆ. ಮಾಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಹೋಗುವವರು ಹರಿಹರದ ಆ ಹುಡುಗಿ ಇರುವ ದಿನ ಫೋನ್ ಮಾಡಿ ತಿಳಿದುಕೊಂಡು, ಬೆಳಗ್ಗೆ ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಕೌಂಟರ್‌ನಲ್ಲಿ ಯಾರೇ ಏನೇ ಅಂದರೂ ಸ್ಟೀಮ್‌ಗೆ ಒಪ್ಪಬೇಡಿ.